ನಾಕನೇ ಬಾಲ್

ನವೆಂಬರ್ 12, ಮಂಗಳವಾರ. ಮುಂಜಾನಿ 7.25

ಇವತ್ತೂ ಸೋತೆ. 6–2. ಹನ್ನೊಂದನೇ ಸಲ.

ಜಳಕ ಆತು. ಕಾಲೇಜಿಗೆ ಇನ್ನೂ ಟೈಮ್ ಅದ. ಹೆಬ್ಬೆರಳಿನ ಬುಡಕ್ಕ ಬೊಬ್ಬಿ ಎದ್ದದ, ಪೆನ್ನು ಹಿಡಿಯಾಕ ಆಗವಲ್ದು. ಆದ್ರೂ ಬರೀಬೇಕು. ಯಾರ ಮುಂದ ಹೇಳ್ಲಿ? ನಲವತ್ತೊಂದು ವರ್ಷದ ಫಿಸಿಕ್ಸ್ ಲೆಕ್ಚರರ್, ಒಂದ್ ಕಾಲಕ್ಕ ಯೂನಿವರ್ಸಿಟಿ ಟೀಮಿನಾಗ ಟೆನಿಸ್ ಆಡಿದಾಕಿ, ಅರವತ್ತೊಂದು ವರ್ಷದ ರಿಟೈರ್ಡ್ ನರ್ಸ್ ಕೈಯಾಗ ವಾರಕ್ಕ ಐದು ದಿನ ಸೋಲಾಕತ್ತೀನಿ ಅಂತ?

ಸುಗ್ರಾ ಬೇಗಂ. ಮಾನ್ವಿಗೆಲ್ಲ ಸುಗ್ರಾ ಸಿಸ್ಟರ್. ಸಲ್ವಾರ್ ಕಮೀಜು, ದುಪಟ್ಟಾ ಸೊಂಟಕ್ಕ ಬಿಗಿದು ಗಂಟು, ಕಾಲಿಗೆ ಬಿಳೇ ಕ್ಯಾನ್ವಾಸ್ ಶೂ. ಅವ್ರು ಓಡಂಗಿಲ್ಲ. ನಡೀತಾರ. ಓಡೋದೆಲ್ಲ ನಾನು.

ಮನಿಗೆ ಬಂದ ಕೂಡ್ಲೇ ಅತ್ತಿ ಕೇಳಿದ್ರು, "ಯಾರು ಗೆದ್ರು?"

ದಿನಾ ಕೇಳ್ತಾರ. ಗೊತ್ತಿದ್ದೇ ಕೇಳ್ತಾರ.

ನವೆಂಬರ್ 14, ಗುರುವಾರ

6–3. ಒಂದು ಗೇಮ್ ಜಾಸ್ತಿ ಬಂತು, ಅಷ್ಟಽ ಸಮಾಧಾನ.

ಅವರ ಆಟ ಹೆಂಗಂದ್ರ... ಜೋರ್ ಹೊಡಿಯಂಗೇ ಇಲ್ಲ. ನಾನು ಎಷ್ಟಽ ಜೋರ್ ಹೊಡದ್ರೂ ರಾಕೆಟ್ ಸ್ವಲ್ಪ ಅಡ್ಡ ಹಿಡಿದು ಬೆಣ್ಣಿ ಕೊಯ್ದಂಗ ಮಾಡ್ತಾರ. ಬಾಲ್ ತೇಲಿಕೋತ ಬಂದು ನೆಟ್ ಬುಡಕ್ಕ ಬಿದ್ದು ಅಲ್ಲೇ ಕುಂಡ್ರತದ. ಮುಂದ ಓಡಿ ಎತ್ತಿದೆ ಅಂದ್ರ ಮುಂದಿಂದು ನನ್ನ ತಲಿ ಮ್ಯಾಲೆ, ಆಕಾಶಕ್ಕ. ಹಿಂದ ಓಡು. ಮತ್ತ ಮುಂದ. ನಮ್ಮ ರೈಸ್ ಮಿಲ್ಲಿನ ಜರಡಿ ಆಗೀನಿ.

ಅದರ ಮ್ಯಾಲೆ ಮಾತು. ನಾನು ನೆಟ್ಟಿಗೆ ಹೊಡದಾಗೆಲ್ಲ —

"ಅರೇ, ಎಷ್ಟ್ ಛಂದ ಹೊಡದ್ರಿ ಉಮಾ ಮೇಡಂ! ನೆಟ್ ಒಂದ್ ಅಡ್ಡ ಬಂತು."

ನಾನು ಎರಡು ಪಾಯಿಂಟ್ ಸಾಲಾಗಿ ಗೆದ್ದೆ ಅಂದ್ರ ಅವರ ಶೂ ಲೇಸ್ ಬಿಚ್ಚತದ. ಕುಂತು, ಬಿಚ್ಚಿ, ಎರಡೂ ಕಾಲಿಂದು ಮತ್ತ ಕಟ್ಟೋದು. ಅಷ್ಟರಾಗ ನನ್ನ ಮೈ ತಣ್ಣಗ, ತಲಿ ಬಿಸಿ.

ಬೇವಿನ ಗಿಡದ ಬುಡಕ್ಕ ಕುರ್ಚಿ ಹಾಕ್ಕೊಂಡು ಸ್ಕೋರ್ ಹೇಳೋರು ಅವರ ಯಜಮಾನ್ರು, ವಲಿ ಪಾಷಾ. ರಾಯಚೂರಿನ ಹಳೇ ಕ್ಲಬ್ಬಿನಾಗ ಮೂವತ್ತು ವರ್ಷ ಮಾರ್ಕರ್ ಇದ್ದೋರು. ಕೋರ್ಟಿಗೆ ನೀರು ಹೊಡಿಯೋದು, ಸುಣ್ಣದ ಗೆರಿ ಎಳಿಯೋದು, ಜೊತಿ ಸಿಗದ ಮೆಂಬರ್ ಜೊತಿ ಆಡೋದು, ಅದು ಅವರ ನೌಕರಿ. ಮೆಂಬರ್‌ಗಳು ಬರೋದ್ರಾಗ, ಮುಂಜಾನಿ ಐದಕ್ಕ ಹೆಂಡತಿಗೆ ಕಲಿಸ್ಯಾರ. ಈಗ ಮೊಳಕಾಲು ಹೋಗ್ಯಾವ. ನಾನು ಚಾಚಾ ಅಂತೀನಿ. ಅವ್ರು ಸ್ಕೋರ್ ಬಿಟ್ಟು ಏನೂ ಅನ್ನಂಗಿಲ್ಲ. ಗಡ್ಡದಾಗ ನಗ್ತಾರ, ಅದು ಕಾಣ್ತದ.

ನವೆಂಬರ್ 17, ಭಾನುವಾರ

ರಾತ್ರಿ ಮೊಬೈಲಿನಾಗ ನಾಕು ವಿಡಿಯೋ ನೋಡಿದೆ. "ಇಂಥಾ ಆಟಗಾರರಿಗೆ ಜೋರಿನಿಂದ ಉತ್ತರ ಕೊಡ್ರಿ" ಅಂದ ಒಬ್ಬಾತ.

ಕೊಟ್ಟೆ. 6–1.

ಬಾಲಿಗೆ ಹಿಂಗ ಉಲ್ಟಾ ತಿರುವು ಕೊಟ್ರ ಅದು ಯಾಕ ಪುಟಿಯಂಗಿಲ್ಲ — ಬೋರ್ಡಿನ ಮ್ಯಾಲೆ ಚಿತ್ರ ತೆಗದು ಹುಡುಗರಿಗೆ ಹೇಳಬಲ್ಲೆ. ಪರೀಕ್ಷಾಕ್ಕ ಐದು ಮಾರ್ಕಿನ ಪ್ರಶ್ನಿ ಅದು.

ಮಲ್ಲೇಶ ಮಿಲ್ಲಿನಿಂದ ಬಂದು ತಲಿ ಮ್ಯಾಲಿನ ಭತ್ತದ ಹೊಟ್ಟು ಝಾಡಿಸಿಕೋತ ಕೇಳಿದ. "ಜೋರ್ ಹೊಡದ್ರ ಆಗಂಗಿಲ್ಲ ಅಂದ್ರ, ಮೆತ್ತಗ ಹೊಡಿ?"

ಗಂಡನ ಜೊತಿ ಎರಡು ತಾಸು ಮಾತು ಬಿಟ್ಟೆ.

ನವೆಂಬರ್ 22, ಶುಕ್ರವಾರ. ಮುಂಜಾನಿ 8

ಬರೀಬಾರದು ಅನ್ನಿಸ್ತದ. ಬರೀತೀನಿ.

3–5 ಇತ್ತು. ಛಲೋ ಆಡಾಕತ್ತಿದ್ದೆ. ಒಂದು ಫೋರ್‌ಹ್ಯಾಂಡ್ — ಈ ವರ್ಷದಾಗ ಅಂಥಾದ್ದು ಹೊಡದಿಲ್ಲ — ಮೂಲಿಗೆ ಹೋಗಿ ಬಿತ್ತು. ಸಿಸ್ಟರ್ ಬೆರಳು ಎತ್ತಿದ್ರು.

"ಔಟ್ ಆತಲ್ಲ ಉಮಾ ಮೇಡಂ. ಪಾಪ. ಭಾಳ ಛಂದಿತ್ತು."

ಆ "ಪಾಪ"!

"ಇದೇನ್ರಿ, ಟೆನಿಸ್ ಏನು? ಅಡಿಗಿಮನ್ಯಾಗ ಚಪಾತಿ ಹೊರಳಿಸಿದಂಗ! ಒಂದ್ ಬಾಲರ ನೆಟ್ಟಗ ಹೊಡೀರಿ! ಮ್ಯಾಲೆ ಇನ್ ಬಿದ್ದದ್ದಕ್ಕ ಔಟ್ ಅಂತೀರಿ!" ಅಂದೆ. ಅಂದದ್ದಲ್ಲ, ಚೀರಿದೆ. ರಾಕೆಟ್ ನೆಲಕ್ಕ ಒಗದೆ. ಫ್ರೇಮ್ ಕಟ್ ಅಂತು.

ಚಾಚಾ ಎದ್ದು, ಮೊಳಕಾಲು ಹಿಡ್ಕೊಂಡು, ಮೂಲಿ ತನಕ ನಡದು ಹೋಗಿ, ಹಸಿ ಮಣ್ಣಿನ ಮ್ಯಾಲಿನ ಗುರುತು ತೋರ್ಸಿದ್ರು. ಗೆರಿಯಿಂದ ನಾಕು ಬೆರಳು ಆಚಿಗಿತ್ತು.

ನಿಲ್ಲಲಿಲ್ಲ. ಗೇಟ್ ದಾಟಿ ಬಂದೆ.

ಸಂಜಿ

ಇಪ್ಪತ್ತು ವರ್ಷದ ಹಿಂದ ಧಾರವಾಡದಾಗೂ ಇದೇ ಮಾಡಿದ್ದೆ. ಯೂನಿವರ್ಸಿಟಿ ಮ್ಯಾಚು, ಎದುರಿಗೆ ಬರೇ ಬಾಲ್ ವಾಪಸ್ ಕೊಡೋ ಹುಡುಗಿ, ಒಗದ ರಾಕೆಟ್ ಅಂಪೈರ್ ಕುರ್ಚಿಗೆ ಬಡೀತು. ಟೀಮಿನಿಂದ ತೆಗದ್ರು. "ಮದುವಿ ಆತು, ಆಟ ಬಿಟ್ಟೆ" ಅಂತ ಎಲ್ಲಾರಿಗೂ ಹೇಳ್ತೀನಿ. ಮದುವಿ ಆಗಿದ್ದು ಮೂರು ವರ್ಷ ಆದ ಮ್ಯಾಲೆ.

ಈ ಮಳಿಗಾಲ ಮುಗದ ಮ್ಯಾಲೆ ಮತ್ತ ಶುರು ಮಾಡಿದಾಗ ಎಷ್ಟ್ ಖುಷಿ ಆಗಿತ್ತು...

ಡಿಸೆಂಬರ್ 9, ಸೋಮವಾರ

ಹದಿನೇಳು ದಿನ ಆತು. ಕೋರ್ಟ್ ಕಡೆ ಹೋಗಿಲ್ಲ. ಸಂತಿಗೆ ಹೋಗೋದಿದ್ರೂ ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗ್ತೀನಿ.

ಇವತ್ತು ಅನ್ನ ಮೆತ್ತಗಾಗ್ಯದ ಅಂತ ಕುಕ್ಕರಿಗೆ ಬೈದೆ. ಸಿಂಚನಾ — ಹದಿನಾಕು ವರ್ಷದ ನನ್ನ ಮಗಳು — "ಕುಕ್ಕರ್ ಸೀಟಿ ಹೊಡಿಯಾಕ ಹೆದ್ರಾಕತ್ತದ ಮಮ್ಮಿ" ಅಂದ್ಲು.

ಅತ್ತಿ ಎಲಿ ಅಡಿಕಿ ಹಾಕ್ಕೊಂಡು ಸಾವಕಾಶ ಹೇಳಿದ್ರು. "ಯವ್ವಾ ಉಮಾ, ನಿನ್ನ ಸಿಟ್ಟು ಮನ್ಯಾಗ ಹಿಡಿಸವಲ್ದು. ಹೋಗಿ ಆ ಸಿಸ್ಟರ್ ಕೈಯಾಗ ಸೋತು ಬಾ."

ಡಿಸೆಂಬರ್ 10, ಮಂಗಳವಾರ. ಸಂಜಿ

ಹೋಗಿ ಬಂದೆ!

ಇಬ್ಬರೂ ಅಂಗಳದಾಗ ಕುಂತು ಹಸಿ ತೊಗರಿಕಾಯಿ ಸುಲಿಯಾಕತ್ತಿದ್ರು. ನಾನು ಗೇಟಿನಾಗ ನಿಂತೆ.

"ಸಿಸ್ಟರ್, ತಪ್ಪಾತು."

"ಯಾವುದು?"

"ಅವತ್ತಿಂದು. ಚಪಾತಿ ಅಂದದ್ದು. ಸುಳ್ಳು ಹೇಳ್ತೀರಿ ಅಂದಂಗ ಅಂದದ್ದು."

"ಚಪಾತಿಗೆ ನನಗೇನ್ ಬ್ಯಾಸರಿಲ್ಲ. ನನ್ನ ಚಪಾತಿ ಛಲೋ ಬರ್ತಾವ." ಬುಟ್ಟಿ ನನ್ನ ಕಡೆ ಸರಿಸಿದ್ರು. "ಕುಂಡ್ರಿ, ಸುಲೀರಿ. ಸುಳ್ಳಿನ ಮಾತು ಚುಚ್ಚಿತು, ಹೌದು. ಅದು ಎರಡು ದಿನಕ್ಕ ಹೋತು. ಆಟ ನಡುವ ಬಿಟ್ಟು ಹೋದ್ರಲ್ಲ, ಅದು ಇನ್ನೂ ಅದ. ಇಷ್ಟು ದಿನ ನಾನು ಯಾರ ಜೊತಿ ಆಡ್ಲಿ? ಇವರ ಜೊತಿ? ಇವರ ಮೊಳಕಾಲು ನೋಡ್ರಿ."

ಚಾಚಾ ಮೊಳಕಾಲು ತೋರ್ಸಿದ್ರು.

ಕುಂತೆ. ಸುಲದೆ. ಸ್ವಲ್ಪ ಹೊತ್ತಿಗೆ ಧೈರ್ಯ ಮಾಡಿ ಕೇಳಿದೆ. "ಸಿಸ್ಟರ್, ನಿಮ್ಮನ್ನ ಸೋಲಿಸೋದು ಹೆಂಗ?"

"ಹೇಳಬ್ಯಾಡ ಬೇಗಂ," ಅಂದ್ರು ಚಾಚಾ.

"ಹೇಳಿದ್ರೂ ಅವರ ಕೈಲೆ ಆಗಂಗಿಲ್ಲ, ತಗೋರಿ." ನನ್ನ ಕಡೆ ತಿರುಗಿದ್ರು. "ನೀವು ನಾಕನೇ ಬಾಲಿಗೆ ಸಿಟ್ಟಿಗೇಳ್ತೀರಿ. ನಾನು ಎಣಿಸ್ತಿರ್ತೀನಿ. ಒಂದು ವಾಪಸ್ ಕೊಟ್ಟೆ. ಎರಡು. ಮೂರು. ನಾಕನೇದಕ್ಕ ನಿಮ್ಮ ಮೂಗಿನ ತುದಿ ಕೆಂಪಾಗ್ತದ, ಇದ್ದಬದ್ದ ಜೋರೆಲ್ಲ ಹಾಕ್ತೀರಿ. ನೆಟ್ಟಿಗರ ಹೋಗ್ತದ, ಬೇಲಿಗರ ಹೋಗ್ತದ. ನನಗೇನ್ ಕೆಲಸ? ನಾಕು ಬಾಲ್ ವಾಪಸ್ ಕೊಡೋದು."

"ಯಾವತ್ತಿಂದ ಗೊತ್ತು ಇದು?"

"ಹದಿನಾಕು ವರ್ಷದಿಂದ."

ತಿಳೀಲಿಲ್ಲ. ನೋಡಿದೆ.

"ನಿಮ್ಮ ಮಗಳು ಹುಟ್ಟಿದ್ದು ನನ್ನ ಡ್ಯೂಟ್ಯಾಗ. ಮೂರು ನೋವು ತನಕ ಹಲ್ಲು ಕಚ್ಚಿ ಸುಮ್ಮನಿದ್ರಿ. ನಾಕನೇದಕ್ಕ ನನಗ, ಡಾಕ್ಟರ್ ಮೇಡಮ್ಮಿಗೆ, ಹೊರಗ ನಿಂತ ನಿಮ್ಮ ಯಜಮಾನ್ರಿಗೆ, ಯಾರನ್ನೂ ಬಿಡಲಿಲ್ಲ. ಬಾಜೂಕಿದ್ದ ಟ್ರೇ ತಗೊಂಡು ಒಗದ್ರಿ. ನೋಡ್ರಿ..." ಕಮೀಜಿನ ತೋಳು ಏರಿಸಿ ಮೊಳಕೈ ಹತ್ರ ಒಂದು ಸಣ್ಣ ಬಿಳೇ ಗೀರು ತೋರ್ಸಿದ್ರು.

ನನಗ ಅವತ್ತಿನ ಒಬ್ಬರ ಮುಖಾನೂ ನೆನಪಿಲ್ಲ. ಗೀರು ನೋಡಿ ಅಳು ಬಂತು, ಅಷ್ಟರಾಗ ಚಾಚಾ ಖೊಕ್ ಅಂತ ನಕ್ರು, ಸಿಸ್ಟರೂ ನಕ್ರು, ನಾನೂ. ತೊಗರಿ ಬುಟ್ಟಿ ಉರುಳಿತು.

ಮನಿಗೆ ಬಂದು ಅತ್ತಿನ್ನ ಕೇಳಿದೆ. "ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು. ಟ್ರೇ ನಾನೇ ಎತ್ತಿಟ್ಟಿದ್ದೆ."

ಡಿಸೆಂಬರ್ 15, ಭಾನುವಾರ

ಚಾಚಾ ಅಟ್ಟದ ಮ್ಯಾಲಿಂದ ಒಂದು ಹಳೇ ರಾಕೆಟ್ ಇಳಿಸಿ ಕೊಟ್ಟಾರ. ಭಾರ ಅದ. ಆಡಿಸಿದ್ರ ಗಾಳ್ಯಾಗ ಹುಂ ಅಂತದ.

ಹೊಸ ಕಾಯ್ದೆ ಮಾಡ್ಯಾರ: ಏಳು ಬಾಲ್ ಆಗೋತನಕ ಪಾಯಿಂಟೇ ಶುರು ಆಗಂಗಿಲ್ಲ. ಅದರ ಒಳಗ ಯಾರು ಗೆದ್ರೂ ಲೆಕ್ಕಕ್ಕಿಲ್ಲ.

ಮೊದಲನೇ ದಿನ ನಾಕನೇ ಬಾಲಿಗೆ ಕೈ ತಾನೇ ಹಿಂದಕ್ಕ ಹೋತು. ಎರಡನೇ ದಿನ ಹಲ್ಲು ಕಚ್ಚಿದೆ. ಇವತ್ತು ಒಂದು ಸಲ ಎಣಿಸೋದೇ ಮರೆತೆ. ಬಾಲಿನ ಮ್ಯಾಲಿನ ಕಂಪನಿ ಹೆಸರು ತಿರುಗಿಕೋತ ಬರೋದು ಕಾಣಾಕತ್ತಿತು. ಇಷ್ಟು ವರ್ಷ ಆಡಿ ಅದನ್ನ ನೋಡೇ ಇರಲಿಲ್ಲ! ಆ ಕಡಿಂದ ಸಿಸ್ಟರ್ ಬದನಿಕಾಯಿ ರೇಟ್ ಹೇಳಾಕತ್ತಿದ್ರು, ಈ ಕಡಿಂದ ನಾನು "ಹೌದ್ರಿ, ಹೌದ್ರಿ" ಅಂತ ವಾಪಸ್ ಕೊಡಾಕತ್ತಿದ್ದೆ.

"ಮೂವತ್ತೊಂದು," ಅಂದ್ರು ಚಾಚಾ.

ಪಾಯಿಂಟ್ ಅವರಿಗೇ ಹೋತು. ಇರಲಿ.

ಡಿಸೆಂಬರ್ 29, ಭಾನುವಾರ. ರಾಯಚೂರು ಬಸ್ ಸ್ಟ್ಯಾಂಡ್, ಸಂಜಿ 6

ಮಾನ್ವಿ ಬಸ್ ಇನ್ನೂ ಹಚ್ಚಿಲ್ಲ. ಚಾಚಾ ಚಹಾ ತರಾಕ ಹೋಗ್ಯಾರ. ಬರದು ಬಿಡ್ತೀನಿ.

ಜಿಲ್ಲಾ ಟೂರ್ನಿ. ನಲವತ್ತು ದಾಟಿದ ಹೆಂಗಸರು, ಒಟ್ಟು ಆರು ಮಂದಿ. ಸಿಸ್ಟರಿಗೆ ಬಸ್ ಕುಲುಕು ಆಗಂಗಿಲ್ಲ, ಬರಲಿಲ್ಲ. ಚಾಚಾ ಬಂದ್ರು. ಹೋದ ಕೂಡ್ಲೇ ಬಗ್ಗಿ ಗೆರಿ ಮುಟ್ಟಿ, "ಸುಣ್ಣ ತೆಳ್ಳಗ ಹಚ್ಚ್ಯಾರ" ಅಂದ್ರು.

ಸೆಮಿಫೈನಲ್ ವಿಜಯಶ್ರೀ ಅಂತ ದೇವದುರ್ಗದಾಕಿ ಜೊತಿ. ಹೈಸ್ಕೂಲ್ ಪಿಟಿ ಟೀಚರ್, ಕೊಳ್ಳಾಗ ಸೀಟಿ. ಅಂಪೈರ್ ಫೈನಲ್ಲಿಗೆ ಮಾತ್ರ, ಅಲ್ಲಿ ತನಕ ಅವರವರ ಕಡೀದು ಅವರವರೇ ಹೇಳಬೇಕು. ಅಕಿ ಹೇಳಿದ್ಲು. ಗೆರಿ ಹತ್ರ ಬಂದದ್ದೆಲ್ಲ "ಔಟ್!" ಗೆರಿ ಮ್ಯಾಲೆ ಬಿದ್ದು ಸುಣ್ಣ ಹಾರಿದ್ದೂ "ಔಟ್!"

2–4. ಮೂಗಿನ ತುದಿ ಬಿಸಿ ಆತು. ಗೊತ್ತಾತು ನನಗಽ. ಬೇಲಿ ಹೊರಗ ಚಾಚಾ ಆಕಾಶ ನೋಡಾಕತ್ತಿದ್ರು.

ಏನ್ ಮಾಡಿದೆ? ಕುಂತೆ. ಶೂ ಲೇಸ್ ಬಿಚ್ಚಿದೆ. ಎರಡೂ ಕಾಲಿಂದು. ಸಾವಕಾಶ ಕಟ್ಟಿದೆ.

ಎದ್ದು ನಕ್ಕೋತ ಹೇಳಿದೆ. "ಭಾಳ ಚುರುಕ್ ಅದಾವ ರೀ ನಿಮ್ಮ ಕಣ್ಣು. ನನಗ ಇಲ್ಲಿಂದ ಗೆರಿ ಮ್ಯಾಲೆ ಬಿದ್ದಂಗ ಕಾಣ್ತು."

ಆಮ್ಯಾಲೆ ಗೆರಿ ಕಡೆ ಹೊಡಿಯೋದೇ ಬಿಟ್ಟೆ. ಎಲ್ಲಾ ನಟ್ಟ ನಡುವ, ಎತ್ತರಕ್ಕ. ಔಟ್ ಅನ್ನಾಕ ಜಾಗಾನೇ ಕೊಡಲಿಲ್ಲ. ಐದು, ಆರು, ಏಳು... ಆಮ್ಯಾಲೆ ಒಂದು ನೆಟ್ ಬುಡಕ್ಕ, ಬೆಣ್ಣಿ ಕೊಯ್ದಂಗ. ಅಕಿ ಓಡಿದ್ಲು. ಮುಂದ, ಹಿಂದ.

"ಇದೇನ್ರಿ, ಟೆನಿಸ್ ಏನು? ಹೊಡೀರಿ ಜೋರ್!" ಅಂದ್ಲು.

ನನಗ ನಗು ತಡೀಲಿಲ್ಲ. ಪಾಪ, ಅಕಿಗೆ ಇನ್ನೂ ಸಿಟ್ಟು ಬಂತು. 6–4, ನಂದು!

ಫೈನಲ್ ಸೋತೆ, ರಾಯಚೂರಿನ ಡಾಕ್ಟರ್ ಒಬ್ಬರ ಕೂಡ. ಅವ್ರು ನನಗಿಂತ ಛಲೋ ಆಡಿದ್ರು, ಅಷ್ಟಽ. ಸಣ್ಣ ಕಪ್ ಸಿಕ್ಕದ.

ಊಟದ ಹೊತ್ತಿಗೆ ವಿಜಯಶ್ರೀ ಡಬ್ಬಿ ತಗೊಂಡು ಬಾಜೂಕ ಬಂದು ಕುಂತ್ಲು. ಜ್ವಾಳದ ರೊಟ್ಟಿ, ಕೆಂಪು ಮೆಣಸಿನಕಾಯಿ ಹಿಂಡಿ. ಅರ್ಧ ನನಗ ಹಾಕಿದ್ಲು.

"ಮೇಡಂ, ಆ ಒಂದು ಬಾಲ್ ಒಳಗಽ ಬಿದ್ದಿತ್ತು ಅನ್ನಿಸ್ತದ ರೀ."

"ಒಂದೇನು?"

ರೊಟ್ಟಿ ಮುರಕೋತ ಎಣಿಸಿದ್ಲು. "ನಾಕು ಹಿಡೀರಿ."

ಚಾಚಾ ಬಂದ್ರು. ಬಸ್ಸೂ.

ಡಿಸೆಂಬರ್ 30, ಸೋಮವಾರ

ಕಪ್ ಗೆದ್ದ ಉಮೇದಿನಾಗ ಹೋದೆ.

6–1.

"ನೀವು ಈಗ ಏಳು ಎಣಿಸ್ತೀರಿ," ಅಂದ್ರು ಸಿಸ್ಟರ್ ಲೇಸ್ ಕಟ್ಟಿಕೋತ. "ನಾನು ಎಂಟು ಕೊಡ್ತೀನಿ."

ಜನವರಿ 3

6–3.

ಜನವರಿ 8

6–4. ಮಿಲ್ಲಿನಾಗ ಭತ್ತ ತುಂಬಿ ಬರಾಕತ್ತದ, ಮಲ್ಲೇಶ ಮನಿಗೆ ಬರೋದೇ ಇಲ್ಲ. ಫೋನಿನಾಗ ಕೇಳ್ತಾನ, "ಎಷ್ಟು?" ಊಟ ಆತೇನು ಅಂತ ಕೇಳಂಗಿಲ್ಲ ಈಗ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಮನಿ ಮಂದಿ ಎಲ್ಲಾ ಚೀಕಲಪರ್ವಿಗೆ, ತುಂಗಭದ್ರಾ ದಂಡಿಗೆ. ನೀರು ಥಂಡಿ. ಅತ್ತಿ ನದ್ಯಾಗ ಮೂರು ಮುಳುಗು ಹಾಕಿ ಎದ್ದು, "ಉಮಾ ಒಂದ್ ಸಲರ ಗೆಲ್ಲಲಿ" ಅಂತ ಕೈ ಮುಗದ್ರು. ಎಲ್ಲಾರ ಮುಂದ! ದಂಡಿ ಮ್ಯಾಲಿದ್ದ ಮಂದಿ, ಏನ್ ಎಲೆಕ್ಷನ್ ರೀ, ಅಂತ ಕೇಳಿದ್ರು.

ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಸಿಸ್ಟರ್ ಮನಿಗೆ ಕೊಟ್ಟು ಬಂದೆ.

"ಹೋಳಿಗಿ ಕೊಟ್ರ ಗೇಮ್ ಬಿಡಂಗಿಲ್ಲ," ಅಂದ್ರು.

ಜನವರಿ 25

7–5. ಅವರಿಗೆ. ಆದ್ರ ಒಂದೂ ಕಾಲು ತಾಸು ಆಡಿದ್ವಿ. ಕಾಲೇಜಿಗೆ ಲೇಟ್. ಪ್ರಿನ್ಸಿಪಾಲ್‌ರಿಗೆ "ಟಯರ್ ಪಂಕ್ಚರ್" ಅಂದೆ. ಟಯರ್ ಛಲೋ ಅದ.

ಫೆಬ್ರವರಿ 2, ಭಾನುವಾರ. ಮುಂಜಾನಿ 9

ಗೆದ್ದೆ.

ಗೆದ್ದೆ! 7–5!

ಶೂ ಸುದ್ದಾ ಬಿಚ್ಚಿಲ್ಲ, ಹಂಗೇ ಕುಂತು ಬರಿಯಾಕತ್ತೀನಿ.

ಅತ್ತಿ ಇವತ್ತು ನೋಡಾಕ ಬಂದಿದ್ರು. ಶಾಲು ಹೊದ್ದು ಚಾಚಾನ ಬಾಜೂಕ ಕುರ್ಚಿ. ಸಿಂಚನಾ ಬೇಲಿ ಮ್ಯಾಲೆ. 5–5 ಆತು. 6–5. ಕಡೀ ಪಾಯಿಂಟು, ನಾನು ಎಣಿಸಲಿಲ್ಲ, ಚಾಚಾ ಎಣಿಸ್ಯಾರ, ನಲವತ್ತಾರು. ಎತ್ತರಕ್ಕ, ಮೆತ್ತಗ, ಎತ್ತರಕ್ಕ. ಸಿಸ್ಟರ್ ಮಾತು ಬಿಟ್ಟಿದ್ರು. ನಾನು ಶುರು ಮಾಡಿದೆ. "ತೊಗರಿಕಾಯಿ ಈ ಸಲ ಲಗೂ ಮುಗದು ಹೋತಲ್ಲ ಸಿಸ್ಟರ್..."

ನೋಡಿದೆ. ಮೂಗಿನ ತುದಿ ಕೆಂಪಾಗಿತ್ತು. ಅವರದ್ದು!

ನನ್ನ ಮುಂದಿನ ಬಾಲ್ ಮೆತ್ತಗ ಹೋತು. ಸಿಸ್ಟರ್ ಕೈ ಹಿಂದಕ್ಕ ಒಯ್ದು, ನಾನು ಕಂಡಂಗ ಮೊದಲನೇ ಸಲ, ಇದ್ದ ಶಕ್ತಿ ಎಲ್ಲಾ ಹಾಕಿ ಹೊಡದ್ರು. ಬಾಲ್ ನನ್ನ ತಲಿ ದಾಟಿ, ಬೇಲಿ ದಾಟಿ, ಹಿಂದಿನ ಕ್ವಾರ್ಟರ್ಸಿನ ಯಾರದೋ ನೀರಿನ ಟಾಕಿಗೆ ಧಡ್ ಅಂತ ಬಡೀತು.

ಅತ್ತಿ ಒಂದ್ ಚಪ್ಪಾಳಿ ಹೊಡದು ಅಲ್ಲೇ ನಿಲ್ಲಿಸಿದ್ರು.

ನಾನು ನೆಟ್ ಹತ್ರ ಕೈ ಚಾಚಿಕೊಂಡು ಹೋದೆ. ಸಿಸ್ಟರ್ ಬರಲಿಲ್ಲ. ದುಪಟ್ಟಾ ಬಿಚ್ಚಿ, ಝಾಡಿಸಿ, ಸೀದಾ ಹೋಗಿ ಸ್ಕೂಟರಿನ ಹಿಂದಿನ ಸೀಟಿನ ಮ್ಯಾಲೆ ಕುಂತ್ರು.

"ನಡೀರಿ!" ಗಂಡಗ ಅಂದ್ರು.

ಚಾಚಾ ನನ್ನ ಹತ್ರ ಬಗ್ಗಿ, ಮೆಲ್ಲಕ, "ಶಾದಿ ಆಗಿ ಮೂವತ್ತೆಂಟು ವರ್ಷ ಬೇಟಿ. ಇದೊಂದು ನಾನೂ ನೋಡಿರಲಿಲ್ಲ," ಅಂದ್ರು. ಗಡ್ಡದಾಗಿನ ನಗು ಇವತ್ತು ಗಡ್ಡದ ಹೊರಗ ಬಂದಿತ್ತು.

ಫೆಬ್ರವರಿ 3, ಸೋಮವಾರ

ಬರಲಿಲ್ಲ. ಒಬ್ಬಾಕೇ ಅರ್ಧ ತಾಸು ಸರ್ವಿಸ್ ಹೊಡದು ಬಂದೆ. ಅತ್ತಿ ಕೇಳಿದ್ರು, "ಯಾರು ಗೆದ್ರು?" ಏನ್ ಹೇಳ್ಲಿ?

ಫೆಬ್ರವರಿ 4

ಇವತ್ತೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ನಿನ್ನಿ ತನಕ ಗೆದ್ದದ್ದರ ಖುಷಿ ಇತ್ತು. ಇವತ್ತು, ಸೋತಿದ್ರಽ ಛಲೋ ಇತ್ತೇನೋ ಅನ್ನಿಸಾಕತ್ತದ... ಇಲ್ಲ. ಸುಳ್ಳು. ಗೆದ್ದದ್ದೇ ಛಲೋ. ಆದ್ರ ಅವ್ರು ಬರಬೇಕು.

ಫೆಬ್ರವರಿ 5, ಬುಧವಾರ

ಚಾಚಾ ಒಬ್ಬರೇ ಬಂದ್ರು. ನಾನು ಗಾಬರಿಯಾಗಿ ಓಡಿದೆ.

"ಸಿಸ್ಟರಿಗೆ ಆರಾಮಿಲ್ಲೇನು?"

"ಆರಾಮ? ಮೂರು ದಿನದಿಂದ ಮನಿ ಹಿಂದಿನ ಗೋಡಿಗೆ ಬಾಲ್ ಹೊಡಿಯಾಕತ್ತಾಳ. ಬಾಜೂ ಮನಿ ಸಮೀಉಲ್ಲಾ ಬಂದು ಕೇಳಿ ಹೋದ, ಗೋಡಿ ಕೆಡವಾಕತ್ತೀರೇನು ಅಂತ."

"ಜೋರ್ ಹೊಡಿಯಾಕತ್ತಾರೇನು?"

ಚಾಚಾ ಎರಡೂ ಕೈಲೆ ಕಿವಿ ಮುಚ್ಚಿ ತೋರ್ಸಿದ್ರು.

"ನಾಳಿ ಬರ್ತಾಳ. ಲಗೂ ಬಂದು ಮೈ ಬಿಸಿ ಮಾಡ್ಕೋ ಬೇಟಿ."

ಫೆಬ್ರವರಿ 6, ಗುರುವಾರ. ಮುಂಜಾನಿ 5.50, ಕೋರ್ಟ್

ಬೆಂಚಿನ ಮ್ಯಾಲೆ ಕುಂತು ಬರಿಯಾಕತ್ತೀನಿ. ರಾತ್ರಿ ನೆಟ್ಟಗ ನಿದ್ದಿ ಇಲ್ಲ. ಮದುವಿ ಹಿಂದಿನ ದಿನಾನೂ ಹಿಂಗ ಆಗಿರಲಿಲ್ಲ.

ಸ್ಕೂಟರ್ ಬಂತು. ಇಳದ್ರು. ದುಪಟ್ಟಾ ಎರಡು ಸುತ್ತು ಬಿಗದಾರ. ಕಾಲಾಗ ಹೊಸ ಶೂ. ಲೇಸ್ ಇಲ್ಲ, ಪಟ್ಟಿ ಅಂಟಿಸೋದು!

ಸೀದಾ ನನ್ನ ಕಡೆ ಬಂದ್ರು. ನಾನು ಎದ್ದು ನಿಂತೆ. ನನ್ನ ಬಲಗೈ ಹಿಡಿದು ಗಟ್ಟಿಯಾಗಿ ಕುಲುಕಿದ್ರು.

"ಇದು ಭಾನುವಾರದ್ದು. ನಾನೂ ಆಟ ಅರ್ಧಕ್ಕ ಬಿಟ್ಟು ಹೋದಂಗಽ ಆತಲ್ಲ. ತಪ್ಪಾತು ಬೇಟಿ."

ಬೇಟಿ ಅಂದ್ರು. ಇಲ್ಲಿ ತನಕ ಮೇಡಂ ಇದ್ದೆ.

ಈಗ ಆ ಕಡೆ ಹೋಗಿ ನಿಂತಾರ. ಒಂದ್ ಬಾಲ್ ಸುಮ್ಮನ ಹೊಡದು ನೋಡಿದ್ರು — ಅಬ್ಬಾ, ಕಾಣಲೇ ಇಲ್ಲ, ಬೇಲಿ ತಂತಿ ಮಾತ್ರ ಝಣ್ ಅಂತು. ಚಾಚಾ ಕುರ್ಚಿ ಎರಡು ಮಾರು ಹಿಂದಕ್ಕ ಜಗ್ಗಿಕೊಂಡ್ರು.

"ಬರಿಯೋದು ಆಮ್ಯಾಲೆ ಬರೀ! ಸರ್ವಿಸ್ ನಂದು!"

ಬಂದೆ ಸಿಸ್ಟರ್, ಒಂದ್ ನಿಮಿಷ, ಇದೊಂದು ಸಾಲು —